ಗೆದ್ದ ಕೋಚನ್ನು ಊರಲ್ಲಿ ಉಳಿಸಿಕೊಳ್ಳೋದು ಹೇಗೆ?

ಆಮರ್ಸ್‌ಫೋರ್ಟ್‌ನಲ್ಲಿ ಪೂರ್ವದ ಕಡೆ ಹೋಗುವ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಡೆವೆಂಟರ್ ಬರುತ್ತೆ. ಐಸಲ್ ನದಿಯ ದಂಡೆ ಮೇಲಿನ ಹಳೇ ವ್ಯಾಪಾರಿ ಊರು. ಆಗಸ್ಟ್‌ನಲ್ಲಿ ಒಂದು ಭಾನುವಾರ ನದಿಯುದ್ದಕ್ಕೂ ಹಳೇ ಪುಸ್ತಕಗಳ ದೊಡ್ಡ ಸಂತೆ ನಡೆಯುತ್ತೆ, ಪುಸ್ತಕದ ಹುಚ್ಚಿರುವವರು ಒಮ್ಮೆ ಹೋಗಿ ನೋಡಬೇಕು. ಆದರೆ ಇವತ್ತು ಹೇಳಹೊರಟಿದ್ದು ಪುಸ್ತಕದ ವಿಷಯ ಅಲ್ಲ, ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ವಿಷಯ. ಹೆಸರು ಗೋ ಅಹೆಡ್ ಈಗಲ್ಸ್. ಸ್ಟೇಡಿಯಂ ಮನೆಗಳ ಸಾಲಿನ ಮಧ್ಯೆ ಇದೆ, ಹತ್ತು ಸಾವಿರ ಜನ ಹಿಡಿದರೆ ಹೆಚ್ಚು. ನಮ್ಮ ಕಡೆ ಬಡಾವಣೆಯೊಳಗೆ ಕಲ್ಯಾಣಮಂಟಪ ಇರುತ್ತಲ್ಲ, ಹಾಗೆ.

ಈ ಕ್ಲಬ್ಬು 1933ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದೇ ಕೊನೆ. ಆಮೇಲೆ 92 ವರ್ಷ ದೊಡ್ಡದೇನೂ ಗೆಲ್ಲಲಿಲ್ಲ. 2025ರ ಏಪ್ರಿಲ್ 21, ಈಸ್ಟರ್ ಸೋಮವಾರ, ರಾಟರ್‌ಡ್ಯಾಮ್‌ನಲ್ಲಿ ಡಚ್ ಕಪ್ ಫೈನಲ್. ಎದುರಿಗೆ ಎ.ಝಡ್. ಆಲ್ಕ್‌ಮಾರ್. ಸೋತೇ ಹೋಯಿತು ಅಂದುಕೊಳ್ಳುವಾಗ, ಇಂಜುರಿ ಟೈಮಿನ ಕೊನೆಯಲ್ಲಿ ಒಂದು ಪೆನಾಲ್ಟಿ ಸಿಕ್ಕಿತು, ಸ್ಕೋರ್ ಸಮ ಆಯಿತು, ಆಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದೇಬಿಟ್ಟರು. ನಮ್ಮ ಆಫೀಸಿಗೆ ಡೆವೆಂಟರ್‌ನಿಂದ ದಿನಾ ಓಡಾಡುವ ಟೆಸ್ಟರ್ ಒಬ್ಬನಿದ್ದಾನೆ. ಮರುದಿನದ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಅವನ ಗಂಟಲಿಂದ ಸ್ವರವೇ ಹೊರಡುತ್ತಿರಲಿಲ್ಲ.

ಆ ತಂಡದ ಕೋಚ್ ಪೌಲ್ ಸಿಮೋನಿಸ್. ಬಂದದ್ದು 2024ರ ಬೇಸಿಗೆಯಲ್ಲಿ. ಕಪ್ ಗೆದ್ದ ಎರಡು ತಿಂಗಳೊಳಗೆ, ಒಪ್ಪಂದ ಇನ್ನೂ ಬಾಕಿ ಇರುವಾಗಲೇ, ಜರ್ಮನಿಯ ವೋಲ್ಫ್ಸ್‌ಬುರ್ಗ್‌ಗೆ ಹೊರಟುಹೋದ.

"ಬೇಜಾರಾಯ್ತೇನೋ?" ಅಂತ ನಮ್ಮ ಟೆಸ್ಟರ್‌ನನ್ನು ಕೇಳಿದೆ. "ಬೇಜಾರು ಯಾಕೆ? ಗೆದ್ದ ದಿನವೇ ಗೊತ್ತಾಗಿತ್ತು. ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದವರು ಹೋಗ್ತಾರೆ, ಕೆಟ್ಟದಾಗಿ ಮಾಡಿದವರನ್ನ ನಾವೇ ಕಳಿಸ್ತೀವಿ" ಅಂದ.

ಅವನು ಹೇಳಿದ್ದು ಉತ್ಪ್ರೇಕ್ಷೆ ಏನಲ್ಲ. ಆ ಕ್ಲಬ್ಬಿನ ಪಟ್ಟಿ ನೋಡಿ. 2013ರಲ್ಲಿ ತಂಡವನ್ನು ಮೇಲಿನ ಲೀಗಿಗೆ ಏರಿಸಿದವನು ಎರಿಕ್ ಟೆನ್ ಹಾಗ್, ಏರಿಸಿದ ಕೂಡಲೇ ಬಾಯರ್ನ್ ಮ್ಯೂನಿಕ್‌ನ ಎರಡನೇ ತಂಡಕ್ಕೆ ಹೋದ. 2021ರಲ್ಲಿ ಮತ್ತೆ ಮೇಲೇರಿಸಿದವನು ಕೇಸ್ ಫಾನ್ ವೊಂಡರೆನ್, ಮರುವರ್ಷ ಹೀರೆನ್‌ವೇನ್‌ಗೆ ಹೋದ. ಅವನ ನಂತರ ಬಂದ ರೆನೆ ಹಾಕೆ 2024ರಲ್ಲಿ ತಂಡವನ್ನು ಯುರೋಪಿನ ಅರ್ಹತಾ ಸುತ್ತಿಗೆ ತಲುಪಿಸಿದ, ಅದೇ ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸಹಾಯಕ ಕೋಚ್ ಆಗಿ ಹೊರಟ. ಅಲ್ಲಿ ಕರೆದದ್ದು ಯಾರು ಅಂತೀರಿ? ಅದೇ ಟೆನ್ ಹಾಗ್! ಹಳೇ ಮ್ಯಾನೇಜರ್ ಹೊಸ ಕಂಪನಿಗೆ ಹೋದಮೇಲೆ ಒಬ್ಬೊಬ್ಬರನ್ನೇ ಎಳೆದುಕೊಳ್ಳುತ್ತಾನಲ್ಲ, ನಮ್ಮ ಫೀಲ್ಡಿನವರಿಗೆ ಇದು ಚೆನ್ನಾಗಿ ಗೊತ್ತು :-)

ಈ ಪ್ರಶ್ನೆ ನನ್ನ ತಲೆಗೆ ಮೊದಲು ಹತ್ತಿದ್ದು ಅಮೆರಿಕಾದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವಾಗ. ಅಲ್ಲಿ ಕಾಲೇಜು ಕೋಚ್‌ಗೆ ಕೋಟಿಗಟ್ಟಲೆ ಸಂಬಳ. ಬಟ್ಲರ್ ಅನ್ನೋ ಸಣ್ಣ ವಿಶ್ವವಿದ್ಯಾಲಯ 2010ರಲ್ಲಿ ರಾಷ್ಟ್ರೀಯ ಫೈನಲ್‌ಗೆ ಬಂತು. ಕೋಚ್ ಬ್ರಾಡ್ ಸ್ಟೀವನ್ಸ್‌ಗೆ ಆಗ ವಯಸ್ಸು 33. ಹುಡುಗ ಕೈತಪ್ಪಿ ಹೋಗಬಾರದು ಅಂತ ಕಾಲೇಜಿನವರು ತಕ್ಷಣ 2022ರವರೆಗಿನ ಒಪ್ಪಂದ ಮಾಡಿಕೊಂಡರು. ಅವನು ಮರುವರ್ಷವೂ ಫೈನಲ್‌ಗೆ ಕರೆದೊಯ್ದ. 2013ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಕರೆಯಿತು, ಹೋದ. 12 ವರ್ಷದ ಒಪ್ಪಂದ ಮೂರೇ ವರ್ಷಕ್ಕೆ ಮುಗಿಯಿತು.

ಹಾಗಾದರೆ ಒಪ್ಪಂದ ಅಂದರೆ ಏನರ್ಥ?

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ನೆದರ್‌ಲ್ಯಾಂಡ್ಸ್‌ನಲ್ಲಿ ನನ್ನಂಥ ಕಾಯಂ ನೌಕರ ಕೆಲಸ ಬಿಡೋದಕ್ಕೆ, ಒಪ್ಪಂದದಲ್ಲಿ ಬೇರೆ ಏನೂ ಬರೆದಿಲ್ಲ ಅಂದರೆ, ಒಂದು ತಿಂಗಳ ನೋಟಿಸ್ ಸಾಕು. ಇಂತಿಷ್ಟು ವರ್ಷ ಅಂತ ಅವಧಿ ಹಾಕಿದ ಒಪ್ಪಂದ ಹಾಗಲ್ಲ. ಮಧ್ಯದಲ್ಲಿ ಬಿಡಬಹುದು ಅಂತ ಬರೆದಿರದಿದ್ದರೆ ಎರಡೂ ಕಡೆಯವರು ಕೊನೆಯವರೆಗೆ ಕಟ್ಟುಬಿದ್ದವರು. ಕೋಚ್‌ಗಳದ್ದು ಈ ಎರಡನೇ ಬಗೆ. ಹಾಗಾಗಿ ದೊಡ್ಡ ಕ್ಲಬ್ಬು ಕೋಚನ್ನು ಮಧ್ಯದಲ್ಲಿ ಎಬ್ಬಿಸಿಕೊಂಡು ಹೋಗಬೇಕಾದರೆ ಸಣ್ಣ ಕ್ಲಬ್ಬಿನ ಜೊತೆ ಕೂತು ಪರಿಹಾರದ ಹಣ ಮಾತಾಡಲೇಬೇಕು. ಅಂದರೆ ಉದ್ದದ ಒಪ್ಪಂದ ಕೋಚನ್ನು ಉಳಿಸೋದಿಲ್ಲ, ಅವನು ಹೋಗುವಾಗ ಒಂದಿಷ್ಟು ದುಡ್ಡು ಬಿಟ್ಟುಹೋಗುವಂತೆ ಮಾಡುತ್ತೆ, ಅಷ್ಟೆ. ಅದೂ ಸಣ್ಣದೇನಲ್ಲ ಬಿಡಿ. 2024ರಲ್ಲಿ ಆರ್ನೆ ಸ್ಲಾಟ್‌ನನ್ನು ಕರೆದುಕೊಂಡು ಹೋಗೋದಕ್ಕೆ ಲಿವರ್‌ಪೂಲ್ ಫೇಯನೂರ್ಡ್‌ಗೆ ಕೊಟ್ಟದ್ದು ಸುಮಾರು 90 ಲಕ್ಷ ಯೂರೋ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಬಾಗಿಲು ತಟ್ಟಿದಾಗ ಫೇಯನೂರ್ಡ್ ಅವನ ಒಪ್ಪಂದವನ್ನು 2026ರವರೆಗೆ ಬೆಳೆಸಿಕೊಂಡಿತ್ತು. ಹಾಗೆ ಬೆಳೆಸಿಕೊಂಡಿದ್ದಕ್ಕೇ ಮಾತುಕತೆಯಲ್ಲಿ ಕೈ ಮೇಲಿತ್ತು.

ಇದೇ ಸ್ಲಾಟ್‌ನ ಹಿಂದಿನ ಕಥೆ ಇನ್ನೂ ಸ್ವಾರಸ್ಯ. 2020ರಲ್ಲಿ ಅವನು ಎ.ಝಡ್. ಕೋಚ್. ತಂಡ ಚೆನ್ನಾಗಿಯೇ ಆಡುತ್ತಿತ್ತು. ಮುಂದಿನ ಸೀಸನ್ನಿಗೆ ಫೇಯನೂರ್ಡ್ ಜೊತೆ ಮಾತುಕತೆ ನಡೆಸುತ್ತಿದ್ದಾನೆ ಅಂತ ಗೊತ್ತಾದದ್ದೇ ತಡ, ಡಿಸೆಂಬರಿನಲ್ಲಿ ಎ.ಝಡ್. ಅವನನ್ನು ಮನೆಗೆ ಕಳಿಸಿತು! ಮನಸ್ಸು ಇಲ್ಲಿಲ್ಲದವನು ಇಲ್ಲಿರೋದು ಬೇಡ ಅನ್ನೋ ಲೆಕ್ಕ. ಸಹಾಯಕನಾಗಿದ್ದ ಪಾಸ್ಕಲ್ ಯಾನ್ಸನ್‌ಗೆ ತಂಡ ಕೊಟ್ಟರು, ಅವನು ಮೂರು ವರ್ಷ ನಡೆಸಿದ. ಕೆಲವರು ಎ.ಝಡ್. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಿತು ಅಂತಾರೆ. ನನಗೇನೋ ಅವರು ಮಾಡಿದ್ದು ಸರಿ ಅನ್ನಿಸುತ್ತೆ. ಬೆಂಗಳೂರಿನಲ್ಲಿ ನನ್ನ ಮೊದಲ ಕಂಪನಿ (ಹೆಸರು ಬೇಡ) ಎರಡು ವರ್ಷದ ಬಾಂಡ್ ಬರೆಸಿಕೊಂಡು, ಒರಿಜಿನಲ್ ಮಾರ್ಕ್ಸ್ ಕಾರ್ಡು ಬೀರುವಿನಲ್ಲಿ ಇಟ್ಟುಕೊಂಡಿತ್ತು. ಬಾಂಡ್ ಮುಗಿಯೋವರೆಗೆ ನಮ್ಮ ಬ್ಯಾಚಿನ ಯಾರೂ ಬಿಡಲಿಲ್ಲ, ನಿಜ. ಆದರೆ ಕೊನೆಯ ಆರು ತಿಂಗಳು ಬರೆದ ಕೋಡ್ ನೋಡಿದರೆ ನಾವು ಯಾವಾಗಲೋ ಬಿಟ್ಟಾಗಿತ್ತು ಅಂತ ಯಾರಿಗಾದರೂ ಗೊತ್ತಾಗುತ್ತೆ.

ಹಾಗಂತ ಯಾರೂ ನಿಲ್ಲೋದೇ ಇಲ್ವಾ? ನಿಂತವರೂ ಇದ್ದಾರೆ. ನನಗೆ ಹೆಚ್ಚು ಇಷ್ಟವಾದದ್ದು ಅವರ ಕಥೆಯೇ.

ದೇಶದ ಉತ್ತರಕ್ಕೆ ಫ್ರೀಸ್‌ಲ್ಯಾಂಡ್ ಅನ್ನೋ ಪ್ರಾಂತ್ಯ ಇದೆ. ಅಲ್ಲಿನವರದು ಬೇರೆಯೇ ಭಾಷೆ, ಫ್ರೀಸಿಯನ್. ಡಚ್ ಜೊತೆಗೆ ಅದಕ್ಕೂ ಅಧಿಕೃತ ಸ್ಥಾನ ಇದೆ. ಅಲ್ಲಿ ಹೀರೆನ್‌ವೇನ್ ಅಂತ ಸುಮಾರು 30 ಸಾವಿರ ಜನರ ಊರು. ಊರಿನ ಕ್ಲಬ್ಬಿನ ಸ್ಟೇಡಿಯಂನಲ್ಲಿ 26 ಸಾವಿರ ಆಸನ! ಅಂದರೆ ಕೈಕೂಸು, ಹಣ್ಣುಹಣ್ಣು ಮುದುಕರನ್ನು ಮನೆಯಲ್ಲಿ ಬಿಟ್ಟು ಇಡೀ ಊರು ಬಂದು ಕೂರಬಹುದು. ನಿಜದಲ್ಲಿ ತುಂಬೋದು ಇಡೀ ಪ್ರಾಂತ್ಯದ ಹಳ್ಳಿಹಳ್ಳಿಗಳಿಂದ ಬರುವವರು. ಪ್ರತಿ ಪಂದ್ಯಕ್ಕೂ ಮುಂಚೆ ಫ್ರೀಸಿಯನ್ ನಾಡಗೀತೆ ಹಾಡ್ತಾರೆ. ನೀಲಿ-ಬಿಳಿ ಪಟ್ಟೆಯ ಜರ್ಸಿ ಮೇಲೆ ಕೆಂಪು ಗುರುತುಗಳಿವೆ. ನೋಡಿದವರೆಲ್ಲ ಹೃದಯ ಅಂದುಕೊಳ್ತಾರೆ, ಅವು ನೈದಿಲೆಯ ಎಲೆಗಳು.

ಈ ಕ್ಲಬ್ಬಿಗೆ ಫಾಪ್ಪೆ ದೆ ಹಾನ್ ಅನ್ನೋ ಮೇಷ್ಟ್ರು ಕೋಚ್ ಆಗಿದ್ದರು. ಮೇಷ್ಟ್ರು ಅಂತ ಸುಮ್ಮನೆ ಹೇಳ್ತಿಲ್ಲ, ಅವರು ನಿಜವಾಗಿ ವ್ಯಾಯಾಮ ಶಿಕ್ಷಕರು. ಹುಟ್ಟಿದ್ದು 1943ರಲ್ಲಿ, ಅದೇ ಪ್ರಾಂತ್ಯದ ಲಿಪ್ಪೆನ್‌ಹೌಜನ್ ಹಳ್ಳಿಯಲ್ಲಿ. 1985ರಿಂದ 88ರವರೆಗೆ ಒಮ್ಮೆ, ಆಮೇಲೆ 1992ರಿಂದ 2004ರವರೆಗೆ ಸತತ 12 ವರ್ಷ ಕೋಚ್. 1993ರಲ್ಲಿ, ತಂಡ ಇನ್ನೂ ಎರಡನೇ ದರ್ಜೆಯಲ್ಲಿದ್ದಾಗಲೇ, ಕಪ್ ಫೈನಲ್ ತಲುಪಿಸಿದರು, ಅದೇ ವರ್ಷ ಮೇಲಿನ ಲೀಗಿಗೂ ಏರಿಸಿದರು. 1997ರಲ್ಲಿ ಇನ್ನೊಂದು ಕಪ್ ಫೈನಲ್. 2000ದಲ್ಲಿ ಲೀಗಿನಲ್ಲಿ ಎರಡನೇ ಸ್ಥಾನ. ಆ ಚಳಿಗಾಲ ವಲೆನ್ಸಿಯಾ, ಲಿಯಾನ್, ಒಲಿಂಪಿಯಾಕೋಸ್ ಜೊತೆ ಚಾಂಪಿಯನ್ಸ್ ಲೀಗ್. 30 ಸಾವಿರ ಜನರ ಊರಿಗೆ! ನಮ್ಮ ಸಾಗರವೋ ಹುಣಸೂರೋ ಐ.ಪಿ.ಎಲ್. ಆಡಿದ ಹಾಗೆ.

ಇವರು ಯಾಕೆ ನಿಂತರು? ಸಂಬಳಕ್ಕೆ ಅಲ್ಲ ಅನ್ನೋದಂತೂ ಸ್ಪಷ್ಟ, ಆಮ್‌ಸ್ಟರ್‌ಡ್ಯಾಮ್ ಜೊತೆ ಹೀರೆನ್‌ವೇನ್ ಸಂಬಳದಲ್ಲಿ ಪೈಪೋಟಿ ಮಾಡೋದು ಸಾಧ್ಯವೇ ಇರಲಿಲ್ಲ. ಹೊರಗಿನಿಂದ ಕಾಣುವುದು ಎರಡು ವಿಷಯ. ಒಂದು, ಅವರ ಮೇಲಿದ್ದ ಅಧ್ಯಕ್ಷ ಬದಲಾಗಲಿಲ್ಲ. ರೀಮರ್ ಫಾನ್ ಡರ್ ವೆಲ್ಡೆ 1983ರಿಂದ 2006ರವರೆಗೆ, 23 ವರ್ಷ, ಒಬ್ಬರೇ ಅಧ್ಯಕ್ಷ. ಯಾವುದೇ ಆಫೀಸಿನಲ್ಲಿ ನೋಡಿ, ಒಳ್ಳೇ ಕೆಲಸಗಾರ ಬಿಟ್ಟು ಹೋಗೋದಕ್ಕೆ ಅರ್ಧ ಕಾರಣ ಮೇಲಿನವನು ಬದಲಾದದ್ದು. ಎರಡು, ಪ್ರತಿ ವರ್ಷ ಏನಾದರೂ ಒಂದು ಮುಂದಕ್ಕೆ ಹೋಗುತ್ತಿತ್ತು. 1994ರಲ್ಲಿ ಹೊಸ ಸ್ಟೇಡಿಯಂ ಬಂತು. ಹೆಸರಿಲ್ಲದ ಹುಡುಗರನ್ನು ತಂದು ಬೆಳೆಸಿ ಮಾರುವ ವ್ಯಾಪಾರ ಕುದುರಿತು. ಡೆನ್ಮಾರ್ಕ್‌ನಿಂದ ಬಂದ ಯೋನ್ ದಾಲ್ ಟೋಮಾಸನ್ 1997ರಲ್ಲಿ ನ್ಯೂಕ್ಯಾಸಲ್‌ಗೆ ಹೋದ. ರೂಡ್ ಫಾನ್ ನಿಸ್ಟಲ್‌ರೋಯ್ ಒಂದೇ ಸೀಸನ್ ಆಡಿ 1998ರಲ್ಲಿ ಪಿ.ಎಸ್.ವಿ.ಗೆ ಹೋದ, ಡಚ್ ಕ್ಲಬ್ಬುಗಳ ನಡುವೆ ಆಗ ಅದು ದಾಖಲೆ ಬೆಲೆ. ಇಲ್ಲಿ ಗಮನಿಸಿ, ಹೀರೆನ್‌ವೇನ್ ಪ್ರತಿ ವರ್ಷ ಆಟಗಾರರನ್ನು ಕಳೆದುಕೊಂಡಿತು. ಮೇಷ್ಟ್ರನ್ನು ಕಳೆದುಕೊಳ್ಳಲಿಲ್ಲ. ಅವರಿಗೆ ಬೇಕಿದ್ದದ್ದು ಬೆಳೆಸುವ ಕೆಲಸ, ಅದು ಅಲ್ಲಿ ಸಿಗುತ್ತಿತ್ತು. ಹಾಗಾಗಿ 2004ರಲ್ಲಿ ಬಿಟ್ಟಮೇಲೂ ಅವರು ಯಾವ ದೊಡ್ಡ ಕ್ಲಬ್ಬಿಗೂ ಹೋಗಲಿಲ್ಲ. 21ರ ಒಳಗಿನ ರಾಷ್ಟ್ರೀಯ ತಂಡಕ್ಕೆ ಹೋಗಿ 2006, 2007ರಲ್ಲಿ ಎರಡು ಸಲ ಯುರೋಪ್ ಚಾಂಪಿಯನ್ ಮಾಡಿಸಿದರು. 2011ರಲ್ಲಿ ಪೆಸಿಫಿಕ್ ಸಮುದ್ರದ ಪುಟ್ಟ ದ್ವೀಪದೇಶ ಟುವಾಲುವಿಗೆ ಕೋಚ್ ಆಗಿ ಹೋದರು! ಟುವಾಲುವಿಗೆ ಹೋಗುವ ಮನುಷ್ಯನಿಗೆ ನೀವು ಸಂಬಳದ ಆಸೆ ತೋರಿಸೋದು ಹೇಗೆ ಸ್ವಾಮಿ?

ಒಂದು ವಿಷಾದ ಏನಂದರೆ, 12 ವರ್ಷ ನಿಂತ ಮೇಷ್ಟ್ರ ಕಾಲದಲ್ಲಿ ಕಪ್ ಬರಲೇ ಇಲ್ಲ. ಹೀರೆನ್‌ವೇನ್ ಮೊದಲ ದೊಡ್ಡ ಟ್ರೋಫಿ ಗೆದ್ದದ್ದು 2009ರ ಮೇ ತಿಂಗಳಲ್ಲಿ, ನಾರ್ವೆಯ ಟ್ರಾಂಡ್ ಸೊಲೀಡ್ ಕೋಚ್ ಆಗಿದ್ದಾಗ. ಆಗಸ್ಟ್ ಮುಗಿಯುವುದರೊಳಗೆ ಸೊಲೀಡ್‌ನನ್ನೇ ತೆಗೆದುಹಾಕಿದರು. ಅಷ್ಟರಲ್ಲಿ ಹಳೇ ಅಧ್ಯಕ್ಷರೂ ಹೋಗಿಯಾಗಿತ್ತು.

ಇನ್ನೊಬ್ಬ ಮೇಷ್ಟ್ರು ರಾನ್ ಯಾನ್ಸ್, ಹಿಂದೆ ಶಾಲೆಯಲ್ಲಿ ಜರ್ಮನ್ ಪಾಠ ಹೇಳುತ್ತಿದ್ದವರು. ಗ್ರೋನಿಂಗನ್‌ನಲ್ಲಿ 2002ರಿಂದ ಎಂಟು ವರ್ಷ. ಆಮೇಲೆ ಜ್ವೊಲೆ ಊರಿನ ತಂಡಕ್ಕೆ ಬಂದು 2014ರ ಕಪ್ ಫೈನಲ್‌ನಲ್ಲಿ ಆಯಾಕ್ಸ್ ತಂಡವನ್ನು 5-1ರಿಂದ ಹೊಡೆದರು. ಗೆದ್ದಮೇಲೂ ಓಡಲಿಲ್ಲ, 2017ರವರೆಗೆ ಅಲ್ಲೇ ಇದ್ದರು. ಇಬ್ಬರು ಶಾಲಾ ಮೇಷ್ಟ್ರುಗಳೇ ನಿಂತರು ಅನ್ನೋದು ಕಾಕತಾಳೀಯ ಇರಬಹುದು. ಇಲ್ಲದೆಯೂ ಇರಬಹುದು, ಜೂನ್‌ನಲ್ಲಿ ಹೊಸ ಹುಡುಗರು ಬರ್ತಾರೆ, ಏಪ್ರಿಲ್‌ನಲ್ಲಿ ಹಳಬರು ಹೋಗ್ತಾರೆ, ಮೇಷ್ಟ್ರು ಅಲ್ಲೇ ಇರ್ತಾರೆ, ಅಭ್ಯಾಸ ಆಗಿರುತ್ತಲ್ಲ.

ನಾನಿರುವ ಆಮರ್ಸ್‌ಫೋರ್ಟ್‌ಗೆ ಈ ತಲೆನೋವೇ ಇಲ್ಲ. 1973ರಲ್ಲಿ ಎಸ್.ಸಿ. ಆಮರ್ಸ್‌ಫೋರ್ಟ್ ಅಂತ ವೃತ್ತಿಪರ ಕ್ಲಬ್ಬು ಆಯಿತು, 1982ರಲ್ಲಿ ಮುಚ್ಚಿಹೋಯಿತು. ಈ ಊರಿನವರಿಗೆ ಎಳೆದು ತರೋದು ಗೊತ್ತು, ಆಮೇಲೆ ಏನು ಮಾಡಬೇಕು ಅನ್ನೋದು ಗೊತ್ತಿಲ್ಲ ಅಂತ ತಮಾಷೆ ಮಾಡಬಹುದು. 1661ರಲ್ಲಿ ಒಬ್ಬ ಶ್ರೀಮಂತ ಬಾಜಿ ಕಟ್ಟಿ, ಬಿಯರ್ ಮತ್ತು ಒಂದು ಥರದ ಬಿಸ್ಕತ್ತಿನ ಆಸೆ ತೋರಿಸಿ, 400 ಜನರಿಂದ ಒಂಬತ್ತು ಟನ್ ಬಂಡೆಯನ್ನು ಊರ ಹೊರಗಿಂದ ಎಳೆಸಿದ. ಸುತ್ತಲ ಊರವರು ನಕ್ಕರು ಅಂತ ಇವರು ಕೆಲವು ವರ್ಷದಲ್ಲೇ ಅದನ್ನು ಹೂತು, 1903ರಲ್ಲಿ ಮತ್ತೆ ಅಗೆದು ತೆಗೆದರು! ಈಗ ಅದೇ ಊರಿನ ಗುರುತು.

ಇರಲಿ, ನಮ್ಮ ಕಡೆಗೆ ಬರೋಣ. ರಣಜಿ ನೋಡುವವರಿಗೆ ಚಂದ್ರಕಾಂತ್ ಪಂಡಿತ್ ಹೆಸರು ಕೇಳಿದರೆ ಹೊಟ್ಟೆ ಚುರ್ ಅನ್ನುತ್ತೆ. 2017ರ ಡಿಸೆಂಬರ್, ಕೋಲ್ಕತಾದಲ್ಲಿ ಸೆಮಿಫೈನಲ್, ನಮ್ಮ ಕರ್ನಾಟಕ ವಿದರ್ಭದ ಎದುರು ಬರೀ ಐದು ರನ್ನಿನಿಂದ ಸೋತಿತು. ಹಾಸ್ಟೆಲ್ಲಿನಲ್ಲಿ ಮೊಬೈಲ್ ಸುತ್ತ ಕೂತು ನೋಡಿದ್ದೆವು, ಆ ಗುರ್ಬಾನಿಯ ಏಳು ವಿಕೆಟ್ ಮರೆಯೋ ಹಾಗೇ ಇಲ್ಲ. ಆ ವಿದರ್ಭಕ್ಕೆ ಕೋಚ್ ಪಂಡಿತ್. ಆ ಸಲ ಮೊದಲ ಬಾರಿ ಚಾಂಪಿಯನ್, ಮರುವರ್ಷ ಮತ್ತೊಮ್ಮೆ. 2020ರಲ್ಲಿ ಪಂಡಿತ್ ಮಧ್ಯಪ್ರದೇಶಕ್ಕೆ ಹೋದರು. 2022ರ ಜೂನ್‌ನಲ್ಲಿ ಮುಂಬೈಯನ್ನು ಸೋಲಿಸಿ ಆ ತಂಡಕ್ಕೂ ಮೊದಲ ರಣಜಿ ಗೆಲ್ಲಿಸಿದರು, ಅದೂ ನಮ್ಮ ಚಿನ್ನಸ್ವಾಮಿಯಲ್ಲಿ. 1999ರಲ್ಲಿ ಅದೇ ಮೈದಾನದಲ್ಲಿ ಮಧ್ಯಪ್ರದೇಶದ ಕ್ಯಾಪ್ಟನ್ ಆಗಿ ಕರ್ನಾಟಕದ ಎದುರು ಫೈನಲ್ ಸೋತಿದ್ದವರು ಇವರೇ. ಅಂಥ ಬಾಕಿ ಲೆಕ್ಕ ಇರುವವನನ್ನು ನಾಗಪುರದವರು ಎಷ್ಟು ಕೊಟ್ಟು ಹಿಡಿದಿಡಬಹುದಿತ್ತು ಹೇಳಿ?

ಆದರೆ ವಿದರ್ಭ ಬಿದ್ದುಹೋಗಲಿಲ್ಲ. 2024-25ರಲ್ಲಿ ಬೇರೆ ಕೋಚ್ ಇಟ್ಟುಕೊಂಡು ಮೂರನೇ ಸಲ ಗೆದ್ದರು. ಡೆವೆಂಟರ್ ಕೂಡ ಹಾಗೇ. ಸಿಮೋನಿಸ್ ಹೋದಮೇಲೆ ಮೆಲ್ವಿನ್ ಬೂಲ್ ಬಂದ, 2025ರ ಅಕ್ಟೋಬರಿನಲ್ಲಿ ಯುರೋಪಾ ಲೀಗಿನಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾವನ್ನು 2-1ರಿಂದ ಸೋಲಿಸಿದರು. ಇತ್ತ ಸಿಮೋನಿಸ್‌ಗೆ ವೋಲ್ಫ್ಸ್‌ಬುರ್ಗ್ ನವೆಂಬರಿನಲ್ಲೇ ಗೇಟ್ ತೋರಿಸಿತು.

ಅಮೆರಿಕಾದಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡವರು ಗೊನ್ಜಾಗ ಅನ್ನೋ ಸಣ್ಣ ಕಾಲೇಜಿನವರು ಅಂತ ನನ್ನ ಲೆಕ್ಕ. 1999ರಲ್ಲಿ ಅವರ ಕೋಚ್ ಡಾನ್ ಮಾನ್ಸನ್ ತಂಡವನ್ನು ದೇಶದ ಕೊನೆಯ ಎಂಟಕ್ಕೆ ತಲುಪಿಸಿ ತಕ್ಷಣ ದೊಡ್ಡ ವಿಶ್ವವಿದ್ಯಾಲಯಕ್ಕೆ ಹಾರಿದ. ಇವರು ಹೊರಗಿನಿಂದ ದೊಡ್ಡ ಹೆಸರು ಹುಡುಕಲಿಲ್ಲ, ಹತ್ತು ವರ್ಷದಿಂದ ಅಲ್ಲೇ ಇದ್ದ ಸಹಾಯಕ ಮಾರ್ಕ್ ಫ್ಯೂಗೆ ಕೊಟ್ಟರು. 2004ರಲ್ಲಿ ಆರು ಸಾವಿರ ಆಸನದ ಹೊಸ ಅಂಗಣ ಕಟ್ಟಿಸಿದರು. ಫ್ಯೂ ಎರಡು ಸಲ ರಾಷ್ಟ್ರೀಯ ಫೈನಲ್‌ಗೆ ಹೋದ, 2017ರಲ್ಲಿ ಮತ್ತು 2021ರಲ್ಲಿ. ಕಾಲು ಶತಮಾನ ದಾಟಿದರೂ ಬೇರೆ ಕಾಲೇಜಿಗೆ ಹೋಗಲಿಲ್ಲ. ಅವನಿಗೆ ಹೊಳೆಯಲ್ಲಿ ಗಾಳ ಹಾಕಿ ಮೀನು ಹಿಡಿಯುವ ಹುಚ್ಚು, ಆ ಊರಿನ ಸುತ್ತ ಹೊಳೆಗಳೇ ಹೊಳೆಗಳು. ಇದನ್ನು ಯಾವ ಎಚ್.ಆರ್. ಪಾಲಿಸಿಯಲ್ಲಿ ಬರೀತೀರಿ? ಹಾಗಂತ ಅವರಿಗೂ ಎಲ್ಲವೂ ಕೂಡಿಬರಲಿಲ್ಲ. ಫ್ಯೂ ನಂತರ ಇವನೇ ಅಂತ ಟಾಮಿ ಲಾಯ್ಡ್ ಅನ್ನೋ ಸಹಾಯಕನನ್ನು ಮೊದಲೇ ಗೊತ್ತುಮಾಡಿ ಇಟ್ಟಿದ್ದರು. ಫ್ಯೂ ಜಾಗ ಖಾಲಿ ಮಾಡಲೇ ಇಲ್ಲ, ಕಾದು ಕಾದು 2021ರಲ್ಲಿ ಲಾಯ್ಡ್ ಆರಿಜೋನಾಕ್ಕೆ ಹೋದ!

ಇಷ್ಟು ಬರೆಯುವಾಗ ನನಗೆ ನೆನಪಾಗುತ್ತಾ ಇದ್ದದ್ದು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಸರ್. ಕಾಲೇಜಿನ ಹೆಸರು ಇಲ್ಲಿ ಬೇಡ. ಅವರು ಕಾಯಂ ಅಲ್ಲ, ಒಂದು ಸೆಮಿಸ್ಟರಿಗೆ ಅಂತ ನೇಮಕ. ಬೇಸಿಗೆ ರಜೆಯ ತಿಂಗಳಿಗೆ ಸಂಬಳ ಇಲ್ಲ. ಸಿಮೆಂಟ್ ಕೋರ್ಟಿನ ಒಂದು ರಿಂಗ್ ಬಗ್ಗಿತ್ತು, ವೆಲ್ಡರ್ ಕರೆಸಿ ಅವರೇ ಕೈಯಿಂದ ದುಡ್ಡು ಕೊಟ್ಟು ಸರಿಮಾಡಿಸಿದ್ದರು. ನಾನು ಐದನೇ ಸೆಮಿಸ್ಟರ್‌ನಲ್ಲಿದ್ದಾಗ ತಂಡ ವಿ.ಟಿ.ಯು. ವಲಯ ಪಂದ್ಯಗಳಲ್ಲಿ ಮೊದಲ ಸಲ ಸೆಮಿಫೈನಲ್‌ಗೆ ಹೋಯಿತು. ಮರುವರ್ಷ ಇನ್ನೊಂದು ಖಾಸಗಿ ಕಾಲೇಜಿನವರು ಅವರನ್ನು ಕರೆದರು. ಪೂರ್ತಿ 12 ತಿಂಗಳ ಸಂಬಳ, ಮಗಳಿಗೆ ಅದೇ ಸಂಸ್ಥೆಯ ಸ್ಕೂಲಲ್ಲಿ ಫೀಸ್ ಮಾಫಿ. ನಾವು ನಾಲ್ಕು ಜನ ಹುಡುಗರು ಪ್ರಿನ್ಸಿಪಾಲರ ಹತ್ತಿರ ಹೋಗಿ, "ಸರ್ ಹೋಗ್ತಾ ಇದ್ದಾರೆ, ಏನಾದ್ರೂ ಮಾಡಿ ಸರ್" ಅಂದೆವು. "ಹೋಗ್ಲಿ ಬಿಡ್ರಪ್ಪ, ಪಿ.ಟಿ. ಮೇಷ್ಟ್ರು ಎಷ್ಟು ಜನ ಬೇಕು?" ಅಂದರು.

ಯೋಚಿಸಿ ನೋಡಿ, ಅವರನ್ನು ಉಳಿಸಿಕೊಳ್ಳೋದಕ್ಕೆ ಲಕ್ಷಾಂತರ ಯೂರೋ ಬೇಕಿರಲಿಲ್ಲ. ಎರಡು ತಿಂಗಳ ರಜೆ ಸಂಬಳ, ಒಂದು ರಿಂಗು, ಹೋಗುವ ಮುಂಚೆ ಕರೆದು ಕೂರಿಸಿ ಒಂದು ಮಾತು. ಡೆವೆಂಟರ್‌ನವರಿಗೆ ವೋಲ್ಫ್ಸ್‌ಬುರ್ಗ್ ಜೊತೆ ಹಣದಲ್ಲಿ ಸೆಣಸೋಕೆ ಆಗದು, ಅದು ಅವರ ಕೈಮೀರಿದ್ದು. ನಮ್ಮ ಕಾಲೇಜಿನ ಎದುರಾಳಿ ಅಷ್ಟು ದೊಡ್ಡವನೇನಲ್ಲ, ಅದೇ ರಿಂಗ್ ರೋಡಿನಲ್ಲಿ ಆರು ಕಿಲೋಮೀಟರ್ ಆಚೆಗಿದ್ದ.

ಸರ್ ಹೋದದ್ದು ಜುಲೈನಲ್ಲಿ. ನಮ್ಮ ಪಾಯಿಂಟ್ ಗಾರ್ಡ್ ಆಗಿದ್ದ ಎರಡನೇ ವರ್ಷದ ಹುಡುಗ ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿ ಬಂದವನು. ಅವನು ಮಾತ್ರ ದಿನಾ ಸಂಜೆ ಬೈಕಿನಲ್ಲಿ ಆ ಆರು ಕಿಲೋಮೀಟರ್ ಹೋಗಿ, ಬೇರೆ ಕಾಲೇಜಿನ ಕೋರ್ಟಿನಲ್ಲಿ, ಅವರ ಹುಡುಗರ ಪ್ರಾಕ್ಟೀಸ್ ಮುಗಿದಮೇಲೆ ಅರ್ಧ ಗಂಟೆ ಸರ್ ಹತ್ತಿರ ಹೇಳಿಸಿಕೊಂಡು ಬರುತ್ತಿದ್ದ. ಸೆಕ್ಯುರಿಟಿಯವನು ಒಳಗೆ ಬಿಡದ ದಿನ ಗೇಟಿನ ಹೊರಗೆ, ಟೀ ಅಂಗಡಿ ಪಕ್ಕದಲ್ಲಿ, ಸರ್ ಅವನಿಗೆ ಡ್ರಿಬ್ಲಿಂಗ್ ಮಾಡಿಸ್ತಾ ನಿಂತಿರುತ್ತಿದ್ದರಂತೆ.